ಹಸಿರುಮನೆ ಪರಿಣಾಮ: ಭೂಮಿಯಲ್ಲಿ, ಅನ್ಯ ಲೋಕಗಳಲ್ಲಿ

ಬಿಸಿಲಿಗೆ ಕಾದ ನೆಲ ಅವಕೆಂಪು ಕಿರಣಗಳನ್ನು ಸೂಸುತ್ತದೆ. ವಾಯುಮಂಡಲದ ಕೆಲವು ಅನಿಲಗಳು ಆ ಕಿರಣಗಳನ್ನು ಹೀರಿ, ಒಂದು ಪಾಲನ್ನು ಮತ್ತೆ ನೆಲದತ್ತ ಸೂಸುವುದರಿಂದ ಉಂಟಾಗುವ ಹೆಚ್ಚುವರಿ ಬಿಸಿಯೇ ಹಸಿರುಮನೆ ಪರಿಣಾಮ. ಹೀರಿಕೊಂಡ ಬಿಸಿಲಿನ ಲೆಕ್ಕವನ್ನಷ್ಟೇ ಹಿಡಿದರೆ ಭೂಮಿಯ ಸರಾಸರಿ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಇರುವುದು ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ವಾಯುಮಂಡಲದ ಕೊಡುಗೆ. ಇದೇ ಲೆಕ್ಕವನ್ನು ಶುಕ್ರಕ್ಕೆ ಹಾಕಿದರೆ ವ್ಯತ್ಯಾಸ ಸುಮಾರು 500 ಡಿಗ್ರಿ, ಮಂಗಳಕ್ಕೆ ಹಾಕಿದರೆ ಐದಾರು ಡಿಗ್ರಿ, ಶನಿಯ ಚಂದ್ರ ಟೈಟನ್‌ಗೆ ಹಾಕಿದರೆ ಹನ್ನೆರಡು ಡಿಗ್ರಿಯಷ್ಟು. ಈ ನಾಲ್ಕೂ ಅಂಕಿಗಳ ಹಿಂದೆ ಇರುವುದು ಒಂದೇ ಭೌತಶಾಸ್ತ್ರ. ಅದನ್ನು ಭೂಮಿಯ ಮೇಲೆ ಪೂರ್ತಿ ಅರಿತು ಆಮೇಲೆ ಬೇರೆ ಗ್ರಹಗಳಿಗೆ ಅನ್ವಯಿಸಿದರೆಂದು ತಿಳಿದರೆ ಇತಿಹಾಸ ತಲೆಕೆಳಗಾಗುತ್ತದೆ. ಎಷ್ಟೋ ಸಲ ಮೊದಲು ಎದುರಾದದ್ದು ಆಕಾಶದ ಒಗಟು.

ಮೊದಲ ಲೆಕ್ಕಗಳು

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1824ರಲ್ಲಿ ಈ ಪ್ರಶ್ನೆಯನ್ನು ಎತ್ತಿದಾಗಲೇ ಅವನ ಪ್ರಬಂಧದ ಶೀರ್ಷಿಕೆಯಲ್ಲಿ ಭೂಗೋಳದ ಜೊತೆ ಗ್ರಹಗಳ ನಡುವಣ ಆಕಾಶವೂ ಸೇರಿತ್ತು. ಬಿಸಿಲು ಸಲೀಸಾಗಿ ಒಳಬರುತ್ತದೆ, ನೆಲದ ಕಾವು ಅಷ್ಟು ಸಲೀಸಾಗಿ ಹೊರಹೋಗದು ಎಂಬುದು ಅವನ ವಾದ. ಆಧಾರವಾಗಿ ಅವನು ನೆನೆದದ್ದು ಜಿನೀವಾದ ಒರಾಸ್ ದ ಸೊಸ್ಯೂರ್ ಹಿಂದಿನ ಶತಮಾನದಲ್ಲಿ ಮಾಡಿದ್ದ ಪೆಟ್ಟಿಗೆಯನ್ನು. ಮರದ ಪೆಟ್ಟಿಗೆ, ಒಳಗೆ ಕಪ್ಪು ಮಾಡಿದ ಕಾರ್ಕಿನ ಪದರ, ಮೇಲೆ ಒಂದರ ಮೇಲೊಂದು ಗಾಜಿನ ಹಲಗೆ. ಬಿಸಿಲಿಗಿಟ್ಟಾಗ ಅದರೊಳಗಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನೂ ದಾಟಿತ್ತು.

ಯಾವ ಅನಿಲ ಈ ಕೆಲಸ ಮಾಡುತ್ತದೆ ಎಂಬುದು ಫೂರಿಯೇಗೆ ಗೊತ್ತಿರಲಿಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಎಲ್ಲಕ್ಕಿಂತ ಹೆಚ್ಚು ಬಿಸಿಯೇರುವುದನ್ನು ಕಂಡಳು; ಅಂಥ ಗಾಳಿ ಹೆಚ್ಚಿದ್ದ ಕಾಲದಲ್ಲಿ ಭೂಮಿಯೂ ಬಿಸಿಯಾಗಿದ್ದಿರಬೇಕು ಎಂದು ಬರೆದಳು. ಅವಳ ಹೆಸರು ಒಂದೂವರೆ ಶತಮಾನ ಮರೆವಿನಲ್ಲಿ ಬಿದ್ದಿತ್ತು. ಅವಕೆಂಪು ಕಿರಣವನ್ನೇ ಬೇರ್ಪಡಿಸಿ ಅಳೆದವನು ಲಂಡನ್ನಿನ ಜಾನ್ ಟಿಂಡಲ್, 1859ರಲ್ಲಿ. ಗಾಜು ಆ ಕಿರಣಗಳನ್ನು ತಡೆಯುವುದರಿಂದ ಅವನು ತನ್ನ ಹಿತ್ತಾಳೆಯ ಕೊಳವೆಯ ತುದಿಗಳನ್ನು ಕಲ್ಲುಪ್ಪಿನ ಬಿಲ್ಲೆಗಳಿಂದ ಮುಚ್ಚಿದ. ಆಕ್ಸಿಜನ್, ನೈಟ್ರೋಜನ್ ತುಂಬಿದರೆ ಮಾಪಕದ ಮುಳ್ಳು ಕದಲಲಿಲ್ಲವೆನ್ನಬೇಕು. ನೀರಾವಿ, ಇಂಗಾಲದ ಡೈಆಕ್ಸೈಡ್ ಬಂದಾಗ ವಾಲಿತು. ಗಾಳಿಯ ಬಹುಪಾಲು ಈ ವಿಷಯದಲ್ಲಿ ನಿಷ್ಕ್ರಿಯ, ಕೆಲಸವೆಲ್ಲ ಅಲ್ಪಸಂಖ್ಯಾತ ಅನಿಲಗಳದ್ದು ಎಂದು ಅಂದೇ ತೀರ್ಮಾನವಾಯಿತು.

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆಂದು ಲೆಕ್ಕ ಹಾಕಿದ. ಆ ಲೆಕ್ಕಕ್ಕೆ ಬೇಕಾದ ಅಳತೆಗಳು ಬಂದದ್ದು ಚಂದ್ರನಿಂದ. ಸ್ಯಾಮ್ಯುಯೆಲ್ ಲ್ಯಾಂಗ್ಲಿ ಚಂದ್ರನ ಅವಕೆಂಪು ಕಾವನ್ನು ಅಳೆದಿದ್ದ. ಅದು ಭೂಮಿಯ ಗಾಳಿಯನ್ನು ಹಾದು ಬರುವಾಗ ಎಷ್ಟು ಸೋರಿಹೋಗುತ್ತದೆ ಎಂಬುದರಿಂದಲೇ ಅರೇನಿಯಸ್ ತನ್ನ ಅಂಕಿಗಳನ್ನು ಹೊರತೆಗೆದ.

ಮಂಗಳದಲ್ಲಿ ಕಾಲುವೆಗಳಿವೆಯೆಂದು ಹಟ ಹಿಡಿದಿದ್ದ ಪರ್ಸಿವಲ್ ಲೋವೆಲ್, 1907ರಲ್ಲಿ ಅಲ್ಲಿನ ಸರಾಸರಿ ಉಷ್ಣತೆ ಸುಮಾರು 9 ಡಿಗ್ರಿ ಎಂದು ಸಾಧಿಸಹೊರಟ. ಜಾನ್ ಪಾಯಿಂಟಿಂಗ್ ಅದೇ ವರ್ಷ ಅದನ್ನು ಅಲ್ಲಗಳೆದ: ಭೂಮಿಯ ಗಾಳಿ ಶಾಖವನ್ನು ಹಿಡಿದಿಡುವುದನ್ನು ಲೋವೆಲ್ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಹಾಗಾಗಿ ತೆಳುಗಾಳಿಯ ಮಂಗಳ ಹೆಪ್ಪುಗಟ್ಟಿರಲೇಬೇಕು ಎಂಬುದು ಅವನ ಆಕ್ಷೇಪ. ಎರಡು ಗ್ರಹಗಳ ಹಸಿರುಮನೆ ಪರಿಣಾಮವನ್ನು ಎದುರುಬದುರಿಟ್ಟು ನಡೆದ ಮೊದಲ ವಾಗ್ವಾದಗಳಲ್ಲಿ ಇದೊಂದು. ಗೆದ್ದವನು ಪಾಯಿಂಟಿಂಗ್.

ಶುಕ್ರ

ಬೆಳ್ಳಿಚುಕ್ಕಿಯ ವಿಷಯದಲ್ಲಿ ಅರೇನಿಯಸ್‌ನೇ ಎಡವಿದ. ದಟ್ಟ ಮೋಡ ಕಂಡು, ಶುಕ್ರದ ಬಹುಭಾಗ ಬೆಚ್ಚನೆಯ ಜೌಗುನೆಲವೆಂದು 1910ರ ದಶಕದಲ್ಲಿ ಬರೆದ. ಆದರೆ 1932ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಡಮ್ಸ್ ಮತ್ತು ಡನ್‌ಹ್ಯಾಮ್ ಶುಕ್ರದ ಬೆಳಕನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದು ನೀರಾವಿಯಲ್ಲ, ಇಂಗಾಲದ ಡೈಆಕ್ಸೈಡ್. 1940ರಲ್ಲಿ ರೂಪರ್ಟ್ ವಿಲ್ಟ್, ಇಷ್ಟು ಅನಿಲವಿದ್ದರೆ ನೆಲ ನೀರಿನ ಕುದಿಬಿಂದುವನ್ನು ಮೀರಿ ಕಾದಿರಬೇಕೆಂದ. ಹೆಚ್ಚು ಜನ ಕಿವಿಗೊಡಲಿಲ್ಲ.

1956ರಲ್ಲಿ ವಾಷಿಂಗ್ಟನ್ನಿನ ನೌಕಾ ಸಂಶೋಧನಾಲಯದ ಚಾವಣಿಯ ಮೇಲಿದ್ದ 50 ಅಡಿಯ ರೇಡಿಯೊ ತಟ್ಟೆಯನ್ನು ಮೇಯರ್ ಮತ್ತು ಸಂಗಡಿಗರು ಶುಕ್ರದತ್ತ ತಿರುಗಿಸಿದರು. ಬಂದ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಇದು ನೆಲದ ಕಾವೋ, ಮೇಲಿನ ಅಯಾನುಗೋಳದ ಆಟವೋ ಎಂದು ವಿವಾದವೆದ್ದಿತು. 1960ರಲ್ಲಿ ಯುವ ಸಂಶೋಧಕ ಕಾರ್ಲ್ ಸೇಗನ್ ಹಸಿರುಮನೆ ಪರಿಣಾಮದಿಂದಲೇ ಇದನ್ನು ವಿವರಿಸಬಹುದೆಂದು ಲೆಕ್ಕ ಕೊಟ್ಟ. ಅಂಥ ಬಿಸಿಯಲ್ಲಿ ನೀರಾವಿ ಎಷ್ಟು ಶಾಖ ಸೂಸುತ್ತದೆಂಬ ಅಂಕಿಗಳು ಖಗೋಳದ ಪುಸ್ತಕಗಳಲ್ಲಿರಲಿಲ್ಲ; ಉಗಿ ಬಾಯ್ಲರ್ ಕಟ್ಟುವ ಎಂಜಿನಿಯರುಗಳ ಕೋಷ್ಟಕಗಳನ್ನೇ ಅವನು ಬಳಸಿಕೊಂಡ. 1962ರ ಡಿಸೆಂಬರ್ 14ರಂದು ಶುಕ್ರದ ಬಳಿ ಹಾದ ಮ್ಯಾರಿನರ್ 2, ಬಿಂಬದ ಅಂಚು ನಡುಭಾಗಕ್ಕಿಂತ ತಂಪಾಗಿರುವುದನ್ನು ತೋರಿಸಿತು. ಕಾವು ಮೇಲಿನ ಪದರದ್ದಾಗಿದ್ದರೆ ಅಂಚೇ ಹೆಚ್ಚು ಹೊಳೆಯಬೇಕಿತ್ತು. ವಿವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ನೆಲ ಮುಟ್ಟಿ ಹೇಳಿದ್ದು ಸೋವಿಯತ್ ನೌಕೆ ವೆನೆರಾ 7, 1970ರ ಡಿಸೆಂಬರ್ 15ರಂದು. ಪ್ಯಾರಾಚೂಟ್ ಕೈಕೊಟ್ಟು ಅದು ರಭಸವಾಗಿ ಬಿತ್ತು. ಸಂಕೇತ ನಿಂತೇಹೋಯಿತೆಂದು ಎಲ್ಲರೂ ಭಾವಿಸಿದರು. ಆಮೇಲೆ ಟೇಪನ್ನು ಮತ್ತೆ ಪರಿಶೀಲಿಸಿದಾಗ ಗದ್ದಲದ ನಡುವೆ ತೀರ ಕ್ಷೀಣವಾದ 23 ನಿಮಿಷಗಳ ದನಿ ಸಿಕ್ಕಿತು: 475 ಡಿಗ್ರಿ. ಒತ್ತಡ ಭೂಮಿಯದಕ್ಕಿಂತ ಸುಮಾರು 90 ಪಟ್ಟು. ಮುಂದೆ ವೆನೆರಾ 8 ಇಳಿಯುತ್ತ ಬೆಳಕನ್ನೂ ಅಳೆದು, ಒಂದಿಷ್ಟು ಬಿಸಿಲು ನೆಲದವರೆಗೂ ತಲುಪುತ್ತದೆಂದು ತೋರಿಸಿತು. ಗ್ರಹದ ಮೇಲೆ ಬೀಳುವ ಬಿಸಿಲಿನಲ್ಲಿ ಶೇಕಡ ಎರಡು ಮೂರರಷ್ಟೇ ಅದು. ಆದರೂ ಹೊರದಾರಿ ಮುಚ್ಚಿರುವಾಗ ಅಷ್ಟು ಸಾಕು.

ಸೂರ್ಯನಿಗೆ ಹತ್ತಿರವಿದೆ, ಆದ್ದರಿಂದ ಶುಕ್ರ ಬಿಸಿ ಎಂಬ ಶಾಲಾಪಾಠದ ಮಾತು ಇಲ್ಲಿ ನಿಲ್ಲುವುದಿಲ್ಲ. ಅದರ ಮೋಡಗಳು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುವುದರಿಂದ ಶುಕ್ರ ಹೀರುವ ಶಾಖ, ಪ್ರತಿ ಚದರ ಮೀಟರಿಗೆ, ಭೂಮಿಗಿಂತ ಕಡಿಮೆ. ಹಸಿರುಮನೆ ಪರಿಣಾಮವಿಲ್ಲದಿದ್ದರೆ ಆ ಗ್ರಹ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು. 1980ರಲ್ಲಿ ಪೊಲ್ಯಾಕ್, ಟೂನ್, ಬೋಸ್ ಮೂವರೂ ಪಯೊನಿಯರ್ ವೀನಸ್ ನೌಕೆಗಳು ತಂದ ಅಳತೆಗಳನ್ನಿಟ್ಟು ಲೆಕ್ಕ ಕೂಡಿಸಿದರು. ಇಂಗಾಲದ ಡೈಆಕ್ಸೈಡ್ ಒಂದೇ ಇಷ್ಟನ್ನು ಮಾಡಲಾರದು. ಅದು ಬಿಟ್ಟ ಕಿಂಡಿಗಳನ್ನು ಅಲ್ಪ ನೀರಾವಿ, ಗಂಧಕದ ಡೈಆಕ್ಸೈಡ್, ಗಂಧಕಾಮ್ಲದ ಮೋಡಗಳು ಮುಚ್ಚುತ್ತವೆ.

ಶುಕ್ರ ಹೀಗಾದದ್ದು ಹೇಗೆ? 1969ರಲ್ಲಿ ಆಂಡ್ರ್ಯೂ ಇಂಗರ್ಸಾಲ್ ಮುಂದಿಟ್ಟ ವಿವರಣೆ ಇಂದಿಗೂ ಚರ್ಚೆಯ ತಿರುಳು. ಹೀರುವ ಬಿಸಿಲು ಒಂದು ಮಿತಿ ದಾಟಿದರೆ ಸಾಗರ ಆವಿಯಾಗುತ್ತದೆ, ಆವಿ ಇನ್ನಷ್ಟು ಕಾವು ಹಿಡಿಯುತ್ತದೆ, ಎಲ್ಲ ನೀರೂ ಮುಗಿಯುವವರೆಗೆ ಇದು ನಿಲ್ಲದು. ಮೇಲೇರಿದ ನೀರನ್ನು ಅತಿನೇರಳೆ ಕಿರಣ ಒಡೆದು ಹೈಡ್ರೋಜನ್ ಆಕಾಶಕ್ಕೆ ಸೋರಿಹೋಗುತ್ತದೆ. ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಅಷ್ಟು ಬೇಗ ಹೋಗದು. ಶುಕ್ರದಲ್ಲಿ ಅದರ ಅನುಪಾತ ಭೂಮಿಯದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಎಂದು ಪಯೊನಿಯರ್ ವೀನಸ್ ಕಂಡುಕೊಂಡಿತು. ಹಿಂದೆ ನೀರಿತ್ತೆನ್ನಲು ಇದೇ ದೊಡ್ಡ ಸಾಕ್ಷಿ.

ಶುಕ್ರದ ಗಾಳಿಯಲ್ಲಿರುವಷ್ಟೇ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಭೂಮಿಯಲ್ಲೂ ಇದೆ, ಕಲ್ಲಿನ ರೂಪದಲ್ಲಿ. ಮಳೆನೀರು ಬಂಡೆಗಳನ್ನು ಸವೆಸಿ, ಆ ಅನಿಲವನ್ನು ಸಮುದ್ರಕ್ಕೆ ಒಯ್ದು ಸುಣ್ಣಕಲ್ಲಾಗಿಸಿದೆ. ಕಲಬುರಗಿ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ ಜಾತಿಯದು. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ಶೇ. 44 ಭಾಗ ಇಂಗಾಲದ ಡೈಆಕ್ಸೈಡ್. ಬಿಸಿ ಹೆಚ್ಚಿದರೆ ಮಳೆ ಹೆಚ್ಚಿ ಸವೆತವೂ ಹೆಚ್ಚುತ್ತದೆ, ಗಾಳಿಯ ಅನಿಲ ಇಳಿಯುತ್ತದೆ. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ವಿವರಿಸಿದ ಈ ಹತೋಟಿ ಲಕ್ಷಾಂತರ ವರ್ಷಗಳ ನಡೆಯದು. ಮನುಷ್ಯರ ಆತುರಕ್ಕೆ ಒದಗುವಂಥದ್ದಲ್ಲ.

ಮಂಗಳ ಮತ್ತು ಟೈಟನ್

ಮಂಗಳದ ಗಾಳಿಯಲ್ಲೂ ಶೇ. 95 ಇಂಗಾಲದ ಡೈಆಕ್ಸೈಡೇ. 1965ರಲ್ಲಿ ಮ್ಯಾರಿನರ್ 4 ಅಲ್ಲಿನ ಒತ್ತಡ ಭೂಮಿಯದಕ್ಕಿಂತ ನೂರು ಪಟ್ಟಿಗೂ ಕಡಿಮೆ ಎಂದು ತೋರಿಸಿದಾಗ ಹಲವರು ನಿರಾಶರಾದರು. ಸ್ವಾರಸ್ಯವೆಂದರೆ, ಅಷ್ಟು ತೆಳುವಾಗಿದ್ದರೂ ಪ್ರತಿ ಚದರ ಮೀಟರ್ ನೆಲದ ಮೇಲೆ ಭೂಮಿಯಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಮಂಗಳದಲ್ಲಿದೆ. ಹಾಗಿದ್ದೂ ಬಿಸಿ ಏರುವುದು ಐದಾರು ಡಿಗ್ರಿ. ಕಡಿಮೆ ಒತ್ತಡದಲ್ಲಿ ಅನಿಲದ ಅಣುಗಳು ಒಂದಕ್ಕೊಂದು ತಾಕುವುದು ಅಪರೂಪ. ಅವು ಹೀರುವ ಅವಕೆಂಪು ರೇಖೆಗಳು ಕಿರಿದಾಗಿಯೇ ಉಳಿದು ನಡುವೆ ಕಾವು ನುಸುಳಿಹೋಗುತ್ತದೆ. ಕೈಜೋಡಿಸಲು ನೀರಾವಿಯೂ ಅಲ್ಲಿಲ್ಲ. ಅನಿಲದ ಶೇಕಡಾವಾರು ನೋಡಿ ತೀರ್ಪು ಕೊಡುವವರಿಗೆ ಮಂಗಳವೇ ಉತ್ತರ.

ಟೈಟನ್ ಇನ್ನೊಂದು ಬಗೆ. ನೈಟ್ರೋಜನ್, ಮೀಥೇನ್, ಹೈಡ್ರೋಜನ್ ಅಣುಗಳು ದಟ್ಟ ಗಾಳಿಯಲ್ಲಿ ಡಿಕ್ಕಿ ಹೊಡೆಯುವಾಗ ಕಾವು ಹೀರಿ ಸುಮಾರು 21 ಡಿಗ್ರಿ ಏರಿಸುತ್ತವೆ. ಮೇಲಿನ ಕಿತ್ತಳೆ ಬಣ್ಣದ ಮಬ್ಬು ಬಿಸಿಲನ್ನು ತಡೆದು ಶಾಖವನ್ನು ಹೊರಬಿಟ್ಟು 9 ಡಿಗ್ರಿ ಇಳಿಸುತ್ತದೆ. ಮೆಕೇ, ಪೊಲ್ಯಾಕ್, ಕೂರ್ತ್ಯಾ 1991ರಲ್ಲಿ ಕೊಟ್ಟ ಲೆಕ್ಕವಿದು. ಕೂಡಿ ಕಳೆದರೂ ನೆಲದ ಉಷ್ಣತೆ ಮೈನಸ್ 179 ಡಿಗ್ರಿ.

ಮತ್ತೆ ಭೂಮಿಗೆ

ಅನ್ಯಗ್ರಹಗಳನ್ನು ಓದಿದವರೇ ಭೂಮಿಯ ಬಿಸಿಯ ಬಗ್ಗೆ ಮೊದಲು ಎಚ್ಚರಿಸಿದವರಲ್ಲಿದ್ದರು. ಶುಕ್ರದ ಮೋಡಗಳನ್ನು ಅಳೆಯುವ ಉಪಕರಣ ರೂಪಿಸುತ್ತಿದ್ದ ಜೇಮ್ಸ್ ಹ್ಯಾನ್ಸನ್ 1978ರಲ್ಲಿ ಅದನ್ನು ಬಿಟ್ಟು ಭೂಮಿಯ ಹವಾಮಾನಕ್ಕೆ ತಿರುಗಿದ. 1988ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಮುಂದೆ ಸಾಕ್ಷ್ಯ ನುಡಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ವೀರಭದ್ರನ್ ರಾಮನಾಥನ್ ಅಮೆರಿಕದಲ್ಲಿ ಡಾಕ್ಟರೇಟಿಗೆ ಆರಿಸಿಕೊಂಡದ್ದು ಗ್ರಹಗಳ ವಾಯುಮಂಡಲವನ್ನು. ಅದಕ್ಕೆ ಮೊದಲು ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ ತಂಪುಕಾರಕ ಸೋರದಂತೆ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಆ ಎರಡು ಅನುಭವಗಳೂ 1975ರಲ್ಲಿ ಕೂಡಿಬಂದವು: ಕ್ಲೋರೋಫ್ಲೋರೋಕಾರ್ಬನ್‌ನ ಒಂದು ಅಣು ಇಂಗಾಲದ ಡೈಆಕ್ಸೈಡ್‌ನ ಸುಮಾರು ಹತ್ತು ಸಾವಿರ ಅಣುಗಳಷ್ಟು ಕಾವು ಹಿಡಿಯುತ್ತದೆಂದು ಅವರು ತೋರಿಸಿದರು.

ಕಲ್ಲಿದ್ದಲು, ಎಣ್ಣೆ ಸುಟ್ಟು ಭೂಮಿ ಇನ್ನೊಂದು ಶುಕ್ರವಾದೀತೆಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಲೆಕ್ಕಗಳು ಅದನ್ನು ಒಪ್ಪುವುದಿಲ್ಲ. ಸಾಗರವೇ ಆವಿಯಾಗುವ ಆ ಮಿತಿ ದಾಟಲು ಸೂರ್ಯ ಈಗಿನದಕ್ಕಿಂತ ಪ್ರಖರವಾಗಬೇಕು, ಅದಕ್ಕೆ ನೂರು ಕೋಟಿ ವರ್ಷದ ಆಸುಪಾಸು ಬೇಕು. ಆದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡ್ 420 ಮೀರಿದೆ, ಉಷ್ಣತೆ ಆಗಲೇ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಬೆಳೆ, ಮಳೆಗಳ ಲೆಕ್ಕ ತಪ್ಪಲು ಶುಕ್ರದ ಬಿಸಿ ಬೇಕಿಲ್ಲ.

ಶುಕ್ರದಲ್ಲಿ ಎಂದಾದರೂ ನಿಜವಾದ ಸಾಗರವಿತ್ತೇ, ಅಥವಾ ಆವಿ ತಣಿದು ಮಳೆಯಾಗುವ ಮೊದಲೇ ಕಳೆದುಹೋಯಿತೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆ ಗ್ರಹದ ನೆಲ ಮತ್ತು ವಾಯುಮಂಡಲವನ್ನು ಪರೀಕ್ಷಿಸಲು ಇಸ್ರೋ ಕಳಿಸಲಿರುವ ಶುಕ್ರ ಕಕ್ಷಾನೌಕೆಗೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು; ಉಡಾವಣೆ 2028ರ ಮಾರ್ಚ್‌ಗೆ ನಿಗದಿಯಾಗಿದೆ.