ಪಾಠದ ಒಂದು ವಾಕ್ಯ, ಶಾಸನದ ಹಲವು ಮಾತು

ವಿಜಯನಗರದ ಒಂದನೆಯ ಬುಕ್ಕರಾಯನ ಬಗ್ಗೆ ಶಾಲೆಯಲ್ಲಿ ಕಲಿತವರಿಗೆ ಒಂದು ವಾಕ್ಯ ನೆನಪಿರುತ್ತದೆ: ಆತ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಪರಧರ್ಮಸಹಿಷ್ಣು ಅರಸ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾನೆ. ಈ ಮಾತು ಎಲ್ಲಿಂದ ಬಂತು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ.

ಅದಕ್ಕೆ ಆಧಾರ ಒಂದು ಕಲ್ಲು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ, 1368ರ ಕನ್ನಡ ಶಾಸನವದು. ಅಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಹೊರಬಂತು. ಶತಮಾನಕ್ಕೂ ಹೆಚ್ಚು ಕಾಲದಿಂದ ಅಚ್ಚಿನಲ್ಲಿರುವ ಈ ಬರಹವನ್ನು ಮಕ್ಕಳು ಮಾತ್ರ ಕಾಣುವುದಿಲ್ಲ.

ಶಾಸನದ ಸಾರ ಹೀಗಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಉಳಿಯಿತು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸುವ ಹೊಣೆ ವೈಷ್ಣವರ ಮೇಲೆ ಬಿತ್ತು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು.

ಇಷ್ಟನ್ನು ಇಂದಿನ ಕನ್ನಡದಲ್ಲಿ ಹತ್ತು ಸಾಲಾಗಿ ಬರೆದು ಕೊಟ್ಟರೆ ಒಂಬತ್ತನೆಯ ತರಗತಿಯ ಹುಡುಗಿಗೂ ಪ್ರಶ್ನೆಗಳು ಹುಟ್ಟುತ್ತವೆ. ಭೇದವಿಲ್ಲದಿದ್ದರೆ ದೂರು ಏಕೆ ಬಂತು? ಅನ್ಯಾಯಕ್ಕೆ ಒಳಗಾದವರೇ ಕಾವಲಿನ ಹಣ ಕೊಡಬೇಕಾದದ್ದೇಕೆ? ಆ ಹಣವನ್ನು ವೈಷ್ಣವರ ಕೈಗೇ ಒಪ್ಪಿಸಿದ್ದು ವಿಶ್ವಾಸದ ಗುರುತೋ, ಬಲವುಳ್ಳವರನ್ನು ಮಾತಿಗೆ ಕಟ್ಟಿಹಾಕುವ ಉಪಾಯವೋ? ಅಪ್ಪಣೆ ನಿಜಕ್ಕೂ ನಡೆಯಿತೇ? ಕಡೆಯ ಪ್ರಶ್ನೆಗೆ ಈ ಕಲ್ಲೊಂದೇ ಉತ್ತರ ಹೇಳಲಾರದು. ಶಾಸನ ದಾಖಲಿಸುವುದು ಆಜ್ಞೆಯನ್ನು, ಅದರ ಪಾಲನೆಯನ್ನಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ಒಪ್ಪಂದದ ಶಾಸನವಿದೆ ಎಂಬುದನ್ನು ಮುಂದಿಟ್ಟರೆ, ಒಂದು ಆಕರವನ್ನು ಇನ್ನೊಂದರೊಡನೆ ಹೋಲಿಸುವ ಪಾಠವೂ ಆದಂತಾಯಿತು.

ಹೀಗೆ ಓದಿದರೆ ಬುಕ್ಕರಾಯ ಚಿಕ್ಕವನಾಗುವುದಿಲ್ಲ. ಬರಿಯ ಬಿರುದಾಗಿದ್ದವನು, ನಿಜವಾದ ಜಗಳವೊಂದನ್ನು ಬಗೆಹರಿಸಲು ಹೆಣಗಿದ ಅರಸನಾಗಿ ಕಾಣುತ್ತಾನೆ. ಎನ್‌ಸಿಇಆರ್‌ಟಿ 2006–07ರ ವೇಳೆಗೆ ಹೊರತಂದ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕಗಳು ಮೂಲ ಆಕರಗಳ ತುಣುಕುಗಳನ್ನು ಪಾಠದ ನಡುವೆಯೇ ಇಟ್ಟು ಪ್ರಶ್ನೆ ಕೇಳಿದ್ದವು. ಆದರೆ ಅಂಥ ಅಭ್ಯಾಸ ಹನ್ನೆರಡನೆಯ ತರಗತಿಗೆ ಕಾಯಬೇಕಿಲ್ಲ. ಕನ್ನಡ ನಾಡಿನ ಎಷ್ಟೋ ಊರುಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಶಾಸನಗಳು ನಿಂತಿವೆ.

ಹಳೆಯ ಅರಸರ ಹೆಸರಿನಲ್ಲಿ ಇಂದಿನ ಜಗಳಗಳು ಬೆಳೆಯುವುದುಂಟು. ಅಂಥ ಹೊತ್ತಿನಲ್ಲಿ ‘ಇದಕ್ಕೆ ಆಧಾರವೇನು, ಹೇಳಿದವರು ಯಾರು’ ಎಂದು ಕೇಳಬಲ್ಲವರು ಊರಿಗೆ ಬೇಕು. ಆ ಪ್ರಶ್ನೆಯನ್ನು ಕಲಿಸಬಹುದಾದ ಜಾಗ ಇತಿಹಾಸದ ತರಗತಿ.