ಬಿಲ್ಡ್ ಪ್ಲಗಿನ್‌ಗಳ ಭದ್ರತಾ ದೋಷಗಳು

ಪ್ರೋಗ್ರಾಮರ್ ಬರೆದ ಕೋಡನ್ನು ಜೋಡಿಸಿ, ಪರೀಕ್ಷಿಸಿ, ಸರ್ವರಿಗೆ ಏರಿಸುವ ಕೆಲಸವನ್ನು ತಾನಾಗಿಯೇ ಮಾಡುವ ಯಂತ್ರಕ್ಕೆ ಬಿಲ್ಡ್ ಸರ್ವರ್ ಎನ್ನುತ್ತಾರೆ. ಅದಕ್ಕೆ ಹೊರಗಿನವರು ಬರೆದು ಸೇರಿಸುವ ಪುಟ್ಟ ತಂತ್ರಾಂಶ ಪ್ಲಗಿನ್. ಈ ಸರ್ವರ್ ತನ್ನ ಕೆಲಸ ಮಾಡಬೇಕಾದರೆ ಸೋರ್ಸ್ ಕೋಡ್, ಡೇಟಾಬೇಸ್, ಕ್ಲೌಡ್ ಖಾತೆ ಹೀಗೆ ಎಲ್ಲದರ ಪಾಸ್‌ವರ್ಡ್ ಅದರ ಬಳಿ ಇರಬೇಕು. ಕಂಪನಿಯ ಬೀಗದಕೈ ಗೊಂಚಲು ಇಡೀ ಅಲ್ಲೇ ತೂಗುತ್ತಿರುತ್ತದೆ. ಪ್ಲಗಿನ್‌ಗಳ ಸಣ್ಣಪುಟ್ಟ ತಪ್ಪುಗಳೂ ದೊಡ್ಡ ಸುದ್ದಿಯಾಗುವುದು ಇದೇ ಕಾರಣಕ್ಕೆ.

ಈ ಚರಿತ್ರೆಯ ಬಹುಪಾಲು ಜೆಂಕಿನ್ಸ್ ಎಂಬ ಒಂದೇ ತಂತ್ರಾಂಶದ ಸುತ್ತ ಸುತ್ತುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ 'ಹಡ್ಸನ್' ಹೆಸರಿನಲ್ಲಿ ಇದನ್ನು ಬರೆಯತೊಡಗಿದರು. ಸನ್ ಕಂಪನಿ ಒರಾಕಲ್ ಪಾಲಾದ ಮೇಲೆ ಹೆಸರಿನ ಒಡೆತನದ ಬಗ್ಗೆ ತಕರಾರು ಎದ್ದು, 2011ರಲ್ಲಿ ಬಳಕೆದಾರರ ಬಳಗ 'ಜೆಂಕಿನ್ಸ್' ಎಂದು ಹೆಸರು ಬದಲಿಸಿಕೊಂಡಿತು. ಯಾರು ಬೇಕಾದರೂ ಪ್ಲಗಿನ್ ಬರೆದು ಹಂಚಬಹುದೆಂಬ ಧಾರಾಳತನವೇ ಅದನ್ನು ಬೆಳೆಸಿತು. ಇಂದು ಪ್ಲಗಿನ್‌ಗಳ ಸಂಖ್ಯೆ 1,800 ದಾಟಿದೆ. ಆದರೆ ಇಲ್ಲಿ ಪ್ಲಗಿನ್ ಬೇರೆ ಕೋಣೆಯಲ್ಲಿ ಕೂರುವುದಿಲ್ಲ. ಮುಖ್ಯ ತಂತ್ರಾಂಶ ಓಡುವ ಜಾವಾ ಪ್ರಕ್ರಿಯೆಯೊಳಗೇ, ಅದರಷ್ಟೇ ಅಧಿಕಾರದಲ್ಲಿ ಓಡುತ್ತದೆ. ಮೊದಲ ದಶಕದಲ್ಲಂತೂ ಜೆಂಕಿನ್ಸ್ ಹಾಕಿದ ಕೂಡಲೇ ಲಾಗಿನ್ ಕೂಡ ಕೇಳುತ್ತಿರಲಿಲ್ಲ. ಆರಂಭದಲ್ಲೇ ಪಾಸ್‌ವರ್ಡ್ ಕೇಳುವ ಕ್ರಮ ಬಂದದ್ದು 2016ರ 2.0 ಆವೃತ್ತಿಯಲ್ಲಿ.

ಮೊದಲ ದೊಡ್ಡ ಪೆಟ್ಟು 2015ರ ನವೆಂಬರಿನದು. ಜಾವಾ ವಸ್ತುಗಳನ್ನು ಬೈಟ್‌ಗಳಾಗಿ ಕಳಿಸಿ ಮತ್ತೆ ಬಿಡಿಸಿಕೊಳ್ಳುವ ವಿಧಾನದಲ್ಲೇ ದಾಳಿಕೋರನ ಆಜ್ಞೆ ಓಡಿಸಬಹುದೆಂದು ಫಾಕ್ಸ್‌ಗ್ಲೋವ್ ಸೆಕ್ಯುರಿಟಿ ಸಂಸ್ಥೆ ತೋರಿಸಿತು. ಜೆಂಕಿನ್ಸ್ ಜೊತೆ ವೆಬ್‌ಲಾಜಿಕ್, ವೆಬ್‌ಸ್ಫಿಯರ್ ಎಂಬ ಜಾವಾ ಸರ್ವರ್ ತಂತ್ರಾಂಶಗಳೂ ಅದಕ್ಕೆ ತುತ್ತಾದವು. ಅದೇ ಜಾತಿಯ ಇನ್ನೊಂದು ದೋಷವನ್ನು ಬಳಸಿಕೊಂಡ ತಂಡವೊಂದು ಜೆಂಕಿನ್ಸ್ ಸರ್ವರ್‌ಗಳಲ್ಲಿ ಮೊನೆರೋ ಎಂಬ ಡಿಜಿಟಲ್ ನಾಣ್ಯ ಗಣಿಗಾರಿಕೆ ನಡೆಸಿ 30 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತ್ತೆಂದು ಚೆಕ್ ಪಾಯಿಂಟ್ ಸಂಸ್ಥೆ 2018ರ ಫೆಬ್ರವರಿಯಲ್ಲಿ ವರದಿ ಮಾಡಿತು.

ಪ್ಲಗಿನ್‌ಗಳದೇ ಆದ ಕಥೆ ತೆರೆದುಕೊಂಡದ್ದು 2019ರಲ್ಲಿ. ಬಳಕೆದಾರರು ಗ್ರೂವಿ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳಿಗೆ ಬೇಲಿ ಹಾಕಲೆಂದೇ 'ಸ್ಕ್ರಿಪ್ಟ್ ಸೆಕ್ಯುರಿಟಿ' ಎಂಬ ಪ್ಲಗಿನ್ ಇತ್ತು. ಸ್ಕ್ರಿಪ್ಟ್ ಓಡುವಾಗ ಅದು ಕಾವಲು ಕಾಯುತ್ತಿತ್ತು, ಓಡುವುದಕ್ಕೆ ಮುಂಚೆ ಕಂಪೈಲ್ ಆಗುವ ಗಳಿಗೆಯಲ್ಲಿ ಮಾತ್ರ ಕಾವಲಿರಲಿಲ್ಲ. ತೈವಾನಿನ ಸಂಶೋಧಕ ಆರೆಂಜ್ ತ್ಸಾಯ್ ಆ ಸಂದಿಯನ್ನೂ ಲಾಗಿನ್ ಇಲ್ಲದೆ ಒಳಹೊಗುವ ಇನ್ನೊಂದು ದೋಷವನ್ನೂ ಹೆಣೆದು ಇಡೀ ಸರ್ವರನ್ನೇ ವಶಮಾಡಿಕೊಳ್ಳಬಹುದೆಂದು ತೋರಿಸಿದರು. ಕಾವಲಿಗೆಂದು ತಂದ ಪ್ಲಗಿನ್ನೇ ಕಂಡಿಯಾಯಿತು.

ಇದು ಜಾಣ್ಮೆಯ ದಾಳಿ. ಅದೇ ವರ್ಷ ಮೇ ತಿಂಗಳಲ್ಲಿ ಎನ್‌ಸಿಸಿ ಗ್ರೂಪ್‌ನ ವಿಕ್ಟರ್ ಗಜ್ದಾಗ್ ನೂರಕ್ಕೂ ಹೆಚ್ಚು ಪ್ಲಗಿನ್‌ಗಳಲ್ಲಿ ಕಂಡ ದೋಷಗಳಿಗೆ ಜಾಣ್ಮೆಯೇನೂ ಬೇಕಿರಲಿಲ್ಲ. ಪಾಸ್‌ವರ್ಡನ್ನು ಗೂಢಲಿಪಿಗೆ ತಿರುಗಿಸದೆ ಫೈಲಿನಲ್ಲಿ ಹಾಗೇ ಬರೆದಿಡುವುದು, ಕೇಳುತ್ತಿರುವವನಿಗೆ ಅಧಿಕಾರವಿದೆಯೇ ಎಂದು ನೋಡದೆ ಕೆಲಸ ಮಾಡಿಕೊಡುವುದು: ಹೆಚ್ಚಿನವು ಇಂಥವೇ. ಈ ಚರಿತ್ರೆಯಲ್ಲಿ ಅತಿ ಮುಖ್ಯ ದಾಖಲೆ ಇದೆಂದೇ ಹೇಳಬೇಕು. ಬಿಡುವಿನ ವೇಳೆಯಲ್ಲಿ ಪ್ಲಗಿನ್ ಬರೆದವರು ಕೆಲಸ ಬದಲಿಸುತ್ತಾರೆ, ಆಸಕ್ತಿ ಕಳೆದುಕೊಳ್ಳುತ್ತಾರೆ. ಪ್ಲಗಿನ್ ಮಾತ್ರ ಸಾವಿರಾರು ಸರ್ವರ್‌ಗಳಲ್ಲಿ ಉಳಿದಿರುತ್ತದೆ. 2022ರ ಜೂನ್ 30ರಂದು ಜೆಂಕಿನ್ಸ್ ತಂಡ 29 ಪ್ಲಗಿನ್‌ಗಳ 34 ದೋಷಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ 29ಕ್ಕೆ ಪರಿಹಾರವೇ ಇರಲಿಲ್ಲ.

ಇಂಥದೇ ಪ್ರಕರಣವೊಂದು ಬಿಲ್ಡ್ ಲೋಕದ ಹೊರಗೂ ನಡೆದಿದೆ. ವಿಡಿಯೊ ನೋಡಲು ಬಳಸುವ 'ಕೋಡಿ' ತಂತ್ರಾಂಶದ ಆಡ್‌ಆನ್ ಭಂಡಾರಗಳ ಮೂಲಕ ಮೊನೆರೋ ಗಣಿಗಾರಿಕೆಯ ಕಳ್ಳಕೋಡ್ ಹರಡಿದ್ದನ್ನು ಇಸೆಟ್ ಸಂಸ್ಥೆ 2018ರಲ್ಲಿ ಪತ್ತೆಹಚ್ಚಿತು. ಕೋಡಿ ಬಿಲ್ಡ್ ತಂತ್ರಾಂಶವಲ್ಲ, ಆದರೆ ರೋಗ ಒಂದೇ: ಭಂಡಾರದಲ್ಲಿದೆ ಎಂದಮಾತ್ರಕ್ಕೆ ನಂಬುವುದು. 2023ರ ಮಾರ್ಚಿನಲ್ಲಿ ಆಕ್ವಾ ಸಂಸ್ಥೆ 'ಕೋರ್‌ಪ್ಲೇಗ್' ಎಂದು ಕರೆದ ಜೆಂಕಿನ್ಸ್ ದೋಷಗಳಲ್ಲಿ ಅಷ್ಟೂ ಬೇಕಿರಲಿಲ್ಲ. ಕೆಟ್ಟ ಪ್ಲಗಿನ್ ಭಂಡಾರಕ್ಕೆ ಸೇರಿದ್ದರೆ, ಅದನ್ನು ಹಾಕಿಕೊಳ್ಳದೆ ಬರೀ ಪಟ್ಟಿಯನ್ನು ತೆರೆದು ನೋಡಿದರೂ ದಾಳಿ ನಡೆಯುತ್ತಿತ್ತು.

ಭಾರತದಲ್ಲಿ ಜನಸಾಮಾನ್ಯರಿಗೆ ಜೆಂಕಿನ್ಸ್ ದೋಷಗಳ ಬಿಸಿ ತಟ್ಟಿದ್ದು 2024ರ ಜುಲೈ 31ರಂದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್, ಡೇಟಾ ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್ ದಾಳಿಗೆ ಒಳಗಾಗಿರಬಹುದೆಂದು ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಪಾವತಿ ನಿಂತಿತು. ಮರುದಿನ ಸಂಪರ್ಕ ಮರಳಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವರದಿಯ ಪ್ರಕಾರ ಎಲ್ಲಕ್ಕೂ ಮೂಲ ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಬ್ರಾಂಟೂ ಟೆಕ್ನಾಲಜಿ ಸಲ್ಯೂಷನ್ಸ್‌ನ ಒಂದು ಜೆಂಕಿನ್ಸ್ ಸರ್ವರ್; ಬಳಸಿದ ದೋಷದ ಗುರುತು ಸಂಖ್ಯೆ ಸಿವಿಇ-2024-23897; ದಾಳಿ ಮಾಡಿದ ತಂಡ ರಾನ್ಸಮ್‌ಎಕ್ಸ್.

ಈ ದೋಷ ಪ್ಲಗಿನ್ನಿನದಲ್ಲ, ಜೆಂಕಿನ್ಸ್‌ನ ಆಜ್ಞಾಸಾಲಿನದು. ಆಜ್ಞೆಯಲ್ಲಿ '@' ಚಿಹ್ನೆಯ ಮುಂದೆ ಫೈಲಿನ ಹೆಸರಿಟ್ಟರೆ ಆ ಫೈಲನ್ನು ಓದಿ ಅದರ ಒಳಗಿರುವುದನ್ನು ಆ ಜಾಗದಲ್ಲಿ ತುಂಬುವ ಸೌಕರ್ಯವೊಂದು ಆರ್ಗ್ಸ್4ಜೆ ಎಂಬ ಲೈಬ್ರರಿಯಲ್ಲಿತ್ತು. ಅದನ್ನು ಬರೆದವರೂ ಕವಾಗುಚಿಯವರೇ. ಲಾಗಿನ್ ಇಲ್ಲದವನೂ ಸರ್ವರಿನ ಯಾವುದೇ ಫೈಲಿನ ಮೊದಲ ಕೆಲವು ಸಾಲುಗಳನ್ನು ಹೀಗೆ ಓದಬಹುದಿತ್ತು, ಓದುವ ಅನುಮತಿ ಇದ್ದವನು ಪೂರ್ತಿ ಫೈಲನ್ನೇ. ಸೋನಾರ್ ಸಂಸ್ಥೆಯ ಸಂಶೋಧಕರು ತಿಳಿಸಿದ ಮೇಲೆ 2024ರ ಜನವರಿಯಲ್ಲೇ 2.442 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಗಿತ್ತು. ದಾಳಿ ನಡೆದದ್ದು ಆರು ತಿಂಗಳ ನಂತರ. ಅಮೆರಿಕದ ಸೈಬರ್ ಸಂಸ್ಥೆ ಸಿಸಾ ಆಗಸ್ಟಿನಲ್ಲಿ ಈ ದೋಷವನ್ನು, ದಾಳಿಗೆ ಬಳಕೆಯಾದವುಗಳ ತನ್ನ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಇಂಥ ಎಚ್ಚರಿಕೆ ಹೊರಡಿಸುವ ಹೊಣೆ 2004ರಲ್ಲಿ ಶುರುವಾದ ಸರ್ಟ್-ಇನ್‌ನದು. ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ತಿಳಿಸಬೇಕೆಂಬ ಅದರ ನಿಯಮ 2022ರದು.

ಜೆಂಕಿನ್ಸ್ ಬಿಟ್ಟು ಗಿಟ್‌ಹಬ್ ಆಕ್ಷನ್ಸ್ ಎಂಬ ಬಿಲ್ಡ್ ಸೇವೆಯ ಕಡೆ ಹೋದವರಿಗೂ ಬಿಡುಗಡೆ ಸಿಗಲಿಲ್ಲ. 2025ರ ಮಾರ್ಚಿನಲ್ಲಿ 23,000ಕ್ಕೂ ಹೆಚ್ಚು ಕೋಡ್ ಭಂಡಾರಗಳು ಬಳಸುತ್ತಿದ್ದ, 'ಟಿಜೆ-ಆಕ್ಷನ್ಸ್' ಬಳಗದ ಜೋಡಣೆಯೊಂದಕ್ಕೆ ದಾಳಿಕೋರರು ಕೈಹಾಕಿದರು. ಹೊಸ ಆವೃತ್ತಿಯನ್ನೇನೂ ಹೊರತರಲಿಲ್ಲ. ಹಳೆಯ ಆವೃತ್ತಿಗಳ ಹೆಸರುಗಳನ್ನೇ ತಮ್ಮ ಕೆಟ್ಟ ಕೋಡಿನ ಕಡೆ ತಿರುಗಿಸಿಟ್ಟರು. ಬಿಲ್ಡ್ ಓಡಿದಾಗ ಗುಪ್ತ ಕೀಲಿಗಳು ಲಾಗ್‌ನಲ್ಲಿ ಅಚ್ಚಾದವು, ಮುಕ್ತ ಭಂಡಾರಗಳಲ್ಲಿ ಆ ಲಾಗ್ ಯಾರು ಬೇಕಾದರೂ ಓದಬಹುದಾದದ್ದು. ಆವೃತ್ತಿಯ ಹೆಸರಿನ ಬದಲು ಕೋಡಿನ ಪೂರ್ಣ ಹ್ಯಾಶ್ ಸಂಖ್ಯೆಯನ್ನೇ ಬರೆದಿಟ್ಟುಕೊಂಡಿದ್ದವರ ಬಿಲ್ಡ್‌ಗಳು ಹಳೆಯ, ಒಳ್ಳೆಯ ಕೋಡನ್ನೇ ಓಡಿಸುತ್ತಿದ್ದವು.