ಬಾಟಲಿಯೊಳಗಿನ ಲ್ಯಾಬು

ಎರಡನೇ ಮಹಾಯುದ್ಧದಲ್ಲಿ ಎಷ್ಟೋ ದೇಶಗಳ ಶಾಲಾ ಪ್ರಯೋಗಾಲಯಗಳು ಪುಡಿಯಾದವು. ಅಲ್ಲಿನ ವಿಜ್ಞಾನದ ಮೇಷ್ಟ್ರುಗಳಿಗಾಗಿ ಬ್ರಿಟನ್ನಿನ ಜೆ. ಪಿ. ಸ್ಟೀಫನ್ಸನ್ ಬರೆದ ಪುಟ್ಟ ಪುಸ್ತಕವನ್ನು ಯುನೆಸ್ಕೊ 1948ರಲ್ಲಿ ಹೊರತಂದಿತು. ತಮಾಷೆ ಅಂದ್ರೆ, ಕಳೆದುಕೊಳ್ಳೋಕೆ ಲ್ಯಾಬೇ ಇಲ್ಲದಿದ್ದ ದೇಶಗಳಲ್ಲೂ ಅದಕ್ಕೆ ಭಾರಿ ಬೇಡಿಕೆ ಬಂತು. ಅದೇ ಬೆಳೆದು 1956ರಲ್ಲಿ ದಪ್ಪನೆಯ ‘ಸೋರ್ಸ್ ಬುಕ್’ ಆಯ್ತು.

ಗಾಜಿನ ಬಾಟಲಿ, ಒಳಗೆ ಒದ್ದೆ ಬ್ಲಾಟಿಂಗ್ ಪೇಪರ್, ಗಾಜಿಗೂ ಕಾಗದಕ್ಕೂ ನಡುವೆ ನಾಲ್ಕು ಅವರೆಕಾಳು. ಬೇರು ಇಳಿಯೋದು, ಕುಡಿ ಏಳೋದು ಕಣ್ಣೆದುರೇ ಕಾಣುತ್ತೆ. ಫಾರ್ಮಲಿನ್ ಜಾಡಿಯಲ್ಲಿ ಬಿಳಿಚಿಕೊಂಡ ಕಪ್ಪೆಗಿಂತ ಇದು ಎಷ್ಟೋ ವಾಸಿ. ಬೀರುವಿನ ಬೀಗದ ಕೈಗೂ ಕಾಯಬೇಕಿಲ್ಲ!

ನಮ್ಮ ದೇಶದಲ್ಲಿ ಇಂಥದೇ ಹಾದಿ ಹಿಡಿದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾಯ್ತು. 6ರಿಂದ 8ನೇ ಕ್ಲಾಸಿನ ಮಕ್ಕಳಿಗೆ ಪಾಠ ಅಂದ್ರೆ ಪ್ರಯೋಗ. ಎಲೆ, ಹೂವು, ಹುಳ ನೋಡೋಕೆ ಹೊಲಕ್ಕೇ ಹೋಗ್ತಿದ್ರು. ಪರೀಕ್ಷೆಯನ್ನು ಪುಸ್ತಕ ತೆರೆದಿಟ್ಟುಕೊಂಡೇ ಬರೀಬಹುದಿತ್ತು. ನನ್ನ ಲೆಕ್ಕದಲ್ಲಿ ದೊಡ್ಡ ಸಾಹಸ ಅದೇ. ನೂರಾರು ಶಾಲೆಗೆ ಹಬ್ಬಿದ ಈ ಕೆಲಸವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿಬಿಟ್ಟಿತು. ಪ್ರಯೋಗ ಮಾಡಿಸಿ ಪಳಗಿದ್ದ ಮೇಷ್ಟ್ರುಗಳು ಮಾಮೂಲಿ ಪಠ್ಯಪುಸ್ತಕಕ್ಕೆ ವಾಪಸಾದರು.